ಮದಗದ ದಡದ ಕಾಡುಕುರಿ

ಆಗ ಕಾರ್ಕಳದ ಅಜ್ಜಿಮನೆಯಲ್ಲಿ ಕೆಡ್ಡಸವೆಂದರೆ ನಮಗೆ ಮಕ್ಕಳಿಗೆ ಎರಡೇ ವಾಸನೆ: ಹುರಿದ ಕುಚ್ಚಲಕ್ಕಿಗೆ ಬೆಲ್ಲ, ಕಾಯಿ ಸೇರಿಸಿ ಮಾಡಿದ ನನ್ನೆರಿಯದ್ದು, ಮತ್ತು ದೊಡ್ಡಮಾವನ ಕೋವಿಗೆ ಹಚ್ಚುವ ಎಣ್ಣೆಯದ್ದು. ಭೂಮಿತಾಯಿ ಮುಟ್ಟಾಗುವ ಆ ಮೂರು ದಿನ ನೆಲ ಅಗೆಯುವಂತಿಲ್ಲ. ಗಂಡಸರು ಬೇಟೆಗೆ ಹೊರಡುತ್ತಿದ್ದರು. ಕಾನೂನು ಬೇಡವೆಂದಿತ್ತು, ಊರು ಕೇಳಿರಲಿಲ್ಲ.

ದನ ಮೇಯಿಸಲು ಮನೆಯ ಹಿಂದೆ ನಮ್ಮದೇ ಹಾಡಿ, ಒಂದು ಸಣ್ಣ ಕಾಡು, ಇತ್ತು. ಅಲ್ಲಿ ಒಂದು ಗೆಲ್ಲು ಕಡಿಯಲೂ ದೊಡ್ಡಮಾವ ಬಿಡುತ್ತಿರಲಿಲ್ಲ. ಬೇಟೆಗೆ ಬರುವವರೆಲ್ಲ ಬೇಸಿಗೆಯಲ್ಲಿ ಬಂದು ಅಲ್ಲಿದ್ದ ಕೆರೆಯ, ಅಂದರೆ ಮದಗದ, ಹೂಳೆತ್ತಬೇಕು, ಬೆಂಕಿ ಬೀಳದಂತೆ ಹಾಡಿಯ ಅಂಚು ಸವರಬೇಕು. ಹಗಲು ನಮ್ಮ ದನ, ಕತ್ತಲಾದರೆ ಹಂದಿ, ಕಾಡುಕುರಿಯೆಂಬ ಸಣ್ಣ ಜಿಂಕೆ ಅದೇ ನೀರು ಕುಡಿಯುತ್ತಿದ್ದವು. ಹೊಡೆಯುವುದು ವರ್ಷಕ್ಕೊಂದು ಗಂಡು ಹಂದಿ, ಅಷ್ಟೇ. ನೀರಿಗೆ ಬಂದದ್ದನ್ನು ಮುಟ್ಟುವಂತಿರಲಿಲ್ಲ.

ಆ ವರ್ಷ ಚಿಕ್ಕಮಾವ ತಮ್ಮ ಮುಂಬೈ ಹೋಟೆಲಿನ ಪಾಲುದಾರನನ್ನು ಬೇಟೆ ತೋರಿಸಲು ಕರೆತಂದರು. ಮೂಲ ನಮ್ಮ ಕಡೆಯ ಹೆಜಮಾಡಿಯವನೇ. ಬೆಳಕು ಹರಿಯುವ ಹೊತ್ತಿಗೆ ಕೋವಿಯ ಈಡಿನ ಸದ್ದಿಗೆ ನಾವು ಓಡಿಹೋದರೆ, ಅವನು ಮದಗದ ದಡದಲ್ಲಿ ಸತ್ತ ಕಾಡುಕುರಿಯ ಕುತ್ತಿಗೆಯ ಮೇಲೆ ಬೂಟುಗಾಲಿಟ್ಟು ನಿಂತಿದ್ದ. ಚಿಕ್ಕಮಾವ ಫೋಟೋ ತೆಗೆಯುತ್ತಿದ್ದರು. ಅದರ ಬಾಯಲ್ಲಿ ಇನ್ನೂ ನೀರಿತ್ತು, ಹೊಟ್ಟೆ ಉಬ್ಬಿತ್ತು.

"ಇದು ಗಬ್ಬದ್ದಲ್ವಾ?" ಎಂದರು ದೊಡ್ಡಮಾವ. "ನೀರಿಗೆ ಬಂದದ್ದಲ್ವಾ?"

"ಎಂತ ಮಾರಾಯ್ರೆ, ಬೇಕಾದಷ್ಟು ಉಂಟಲ್ಲ ನಿಮ್ಮಲ್ಲಿ. ಒಂದು ಸುಕ್ಕ ಮಾಡಿಸಿ," ಎಂದು ಅವನು ನಕ್ಕ.

ಚಿಕ್ಕಮಾವನೂ ನಕ್ಕರು. ಆ ನಗು ನೆನೆದರೆ ನನಗೆ ಇಂದಿಗೂ ಹೇಸಿಗೆ.

ದೊಡ್ಡಮಾವ ಆ ಮಾಂಸವನ್ನು ಮನೆಯೊಳಗೆ ಬಿಡಲಿಲ್ಲ. ಹೂಳೋಣವೆಂದರೆ ಕೆಡ್ಡಸ, ಹಾರೆ ಮುಟ್ಟುವಂತಿಲ್ಲ. ತರಗೆಲೆ ಮುಚ್ಚಿಟ್ಟರು. ಮರುದಿನವೇ ನೊಣ ಮುತ್ತಿ, ಗಾಳಿ ತಿರುಗಿದಾಗಲೆಲ್ಲ ಕೊಳೆತ ನಾತ ಅಂಗಳಕ್ಕೆ ಬರುತ್ತಿತ್ತು. ಅಜ್ಜಿ ಕೊಟ್ಟ ನನ್ನೆರಿಯನ್ನು ಬಾಯಿಗಿಟ್ಟು ಉಗುಳಿದೆ. ಆ ಅತಿಥಿ ಮಾತ್ರ ಮೂಗಿಗೆ ಕರವಸ್ತ್ರ ಹಿಡಿದು, ಹೊಟ್ಟೆತುಂಬ ಕೋಳಿ-ರೊಟ್ಟಿ ತಿಂದೇ ಹೊರಟ. ಕೆಡ್ಡಸ ಕಳೆದ ಮೇಲೆ ದೊಡ್ಡಮಾವ ಒಬ್ಬರೇ ಹೊಂಡ ತೋಡಿದರು. ಮತ್ತೆ ಕೋವಿ ಮುಟ್ಟಲಿಲ್ಲ.

ಬೇಟೆ ನಿಂತಿತು. ಬೇಟೆಯ ಆಸೆಗೆ ಹೂಳೆತ್ತುತ್ತಿದ್ದವರೂ ಬರುವುದನ್ನು ಬಿಟ್ಟರು. ಮದಗ ಬತ್ತಿತು, ಹಾಡಿಗೆ ಬೆಂಕಿ ಬಿತ್ತು, ದನಗಳನ್ನು ಮಾರಿದ್ದಾಯಿತು. ದೊಡ್ಡಮಾವ ತೀರಿಕೊಂಡ ಮೇಲೆ ಚಿಕ್ಕಮಾವ ಆ ಜಾಗವನ್ನು ಕೆಂಪುಕಲ್ಲು ತೆಗೆಯುವ ಕೋರೆಗೆ ಕೊಟ್ಟರು.

ಮೊನ್ನೆ ಮಣಿಪಾಲದ ಮದುವೆಯೊಂದರಲ್ಲಿ ಚಿಕ್ಕಮಾವ ಸಿಕ್ಕರು. "ನಮ್ಮ ಮನೆಯಲ್ಲಿ ಈಗ ಬೇಟೆ, ಪ್ರಾಣಿಹಿಂಸೆ ಎಲ್ಲ ಇಲ್ಲ," ಎಂದು ಪಕ್ಕದವರಿಗೆ ಹೆಮ್ಮೆಯಿಂದ ಹೇಳುತ್ತಿದ್ದರು. ಹಿಂಸೆ ಮಾಡಲು ಅಲ್ಲಿ ಒಂದು ಮೊಲವಾದರೂ ಉಳಿದಿರಬೇಕಲ್ಲ.