ಹೊಸದುರ್ಗದ ಮಿಲ್ಲಿಗೆ ನಾನು ಹೋಗಲೇ ಇಲ್ಲ

ಬಸಣ್ಣ, ಅವತ್ತು ನಾನು ಹೊಸದುರ್ಗದ ಹತ್ತಿ ಮಿಲ್ಲನ್ನು ನೋಡಲೇ ಇಲ್ಲ. ಒಳಗೆ ಹೋಗುವುದಿರಲಿ, ಅದರ ಗೇಟು ಯಾವ ದಿಕ್ಕಿಗಿದೆ ಅನ್ನುವುದೂ ನನಗೆ ಗೊತ್ತಿರಲಿಲ್ಲ. ನೋಡಿಬಂದೆ ಎಂದು ಎಲ್ಲರೆದುರು ಹೇಳಿದ್ದು ಸುಳ್ಳು. ನೀನು ನನ್ನ ದೊಡ್ಡಪ್ಪನ ಮಗ, ಬೆನ್ನ ಮೇಲೆ ಕೂರಿಸಿಕೊಂಡು ಈಜು ಕಲಿಸಿದವನು — ನಿನಗೇ ಇಷ್ಟು ವರ್ಷ ಹೇಳದೆ ಉಳಿದೆ.

ಎಪ್ಪತ್ತರ ದಶಕದ ನಡುವಿನ ಮಾತು. ನಮ್ಮಣ್ಣ ತೀರಿಕೊಂಡ ಮೇಲೆ ಚಿತ್ರದುರ್ಗದ ನಮ್ಮ ಕಂಪನಿಯನ್ನು ಗಂಗತ್ತಿಗೆಯೇ ನಡೆಸುತ್ತಿದ್ದರು. ಎಣ್ಣೆ ಮಿಲ್ಲು, ಬಸ್ಸುಗಳು, ಟಾಕೀಸಿನಲ್ಲಿ ಪಾಲು — ಎಲ್ಲಕ್ಕೂ ಅವರೇ ಯಜಮಾನಿ. ಯಜಮಾನಿಕೆ ಕೈಗೆ ಬಂದ ಹೊಸದರಲ್ಲೇ ಬಸ್ಸುಗಳನ್ನು ಮಾರಿದರು, ಟಾಕೀಸಿನ ಪಾಲನ್ನೂ ಬಿಟ್ಟುಕೊಟ್ಟರು; ಬಂದ ಹಣವನ್ನೆಲ್ಲ ಬ್ಯಾಂಕಿನಲ್ಲಿಟ್ಟು ಸುಮ್ಮನೆ ಕೂತರು. "ದುಡ್ಡಿಗೆ ಕಾವು ಕೊಡ್ತಾ ಕುಂತವ್ಳೆ, ಮರಿ ಆಗ್ತವೆ ಅಂತ" ಎಂದು ಊರು ನಕ್ಕಿತು. ಅತ್ತಿಗೆಯೂ ನಕ್ಕರು. "ಕೈಯಾಗಿರೋ ದುಡ್ಡು ಹಳಸಲ್ಲ ಕಣ್ರಪ್ಪ. ಅವಸರಕ್ಕೆ ಕೊಂಡ ಮಿಲ್ಲು ಹಳಸ್ತೈತೆ."

ಅವರದು ಒಂದೇ ನಿಯಮ: ಏನನ್ನು ಕೊಳ್ಳುವುದಾದರೂ ಇಬ್ಬರು ಹೋಗಿ ನೋಡಬೇಕು, ಇಬ್ಬರೂ ಹೂಂ ಅನ್ನಬೇಕು. ಹೊಸದುರ್ಗದ ಮಿಲ್ಲನ್ನು ನೀನು ನೋಡಿ ಬಂದು "ಚೆನ್ನಾಗೈತೆ, ತಗಳಾಣ" ಅಂದಿದ್ದೆ. ಎರಡನೆಯವನಾಗಿ ನನ್ನನ್ನು ಕಳಿಸಿದರು.

ಬಸ್ಸು ಹೊಳಲ್ಕೆರೆಯಲ್ಲಿ ನಿಂತಿತು. ಕಿಟಕಿಯಾಚೆ ಶಾಂತಾ ನಿಂತಿದ್ದಳು — ಅಲ್ಲಿನ ಶಾಲೆಯ ಟೀಚರು. ಒಂದು ಮದುವೆ ಮನೆಯಲ್ಲಿ ನೋಡಿದಾಗಿನಿಂದ ನನ್ನ ನಿದ್ದೆ ಕೆಡಿಸಿದ್ದವಳು. ನಾನು ಇಳಿದೇಬಿಟ್ಟೆ. "ತಾಳ್ಯಕ್ಕೆ ಹೊಂಟೀನಿ, ನಮ್ಮ ಹೊಲದಾಗೆ ಶೇಂಗಾ ಕೀಳ್ತಾ ಅವ್ರೆ. ಬರ್ತೀರೇನು?" ಅಂದಳು. ಕೇಳಿದ್ದು ತಮಾಷೆಗೆ. ನಾನು ಹೋದದ್ದು ನಿಜಕ್ಕೆ.

ಅಂಥ ದಿನ ನನ್ನ ಬದುಕಿನಲ್ಲಿ ಮತ್ತೆ ಬರಲಿಲ್ಲ, ಬಸಣ್ಣ. ಅವಳಪ್ಪ ನನ್ನ ಇಸ್ತ್ರಿ ಪ್ಯಾಂಟನ್ನು ಮೇಲಿಂದ ಕೆಳಗೆ ನೋಡಿ, "ಏನಪ್ಪ, ಕಂಪ್ನಿಯೋರು ನಮ್ಮ ಹೊಲಾನೂ ಕೊಂಡ್ಕಂತೀರೋ?" ಎಂದರು. ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಒಣಕಡ್ಡಿಗೆ ಬೆಂಕಿ ಹಚ್ಚಿ ಬಳ್ಳಿ ಸಮೇತ ಶೇಂಗಾ ಸುಟ್ಟರು. ಮಸಿ ಮೆತ್ತಿದ ನನ್ನ ಮೂತಿ ನೋಡಿ ಶಾಂತಾ ನಕ್ಕ ನಗು... ಹೊಸದುರ್ಗದ ನೆನಪಾಗುವಷ್ಟರಲ್ಲಿ ಹೊತ್ತು ಮುಳುಗಿತ್ತು.

ಮರುದಿನ ನೀನೂ ಪಾಲುದಾರರೂ ಕೂತಿದ್ದಾಗ ಅತ್ತಿಗೆ ಕೇಳಿದರು; ಹೋಗಿರಲಿಲ್ಲ ಅನ್ನಬಹುದಿತ್ತು. ಬೈಯುತ್ತಿದ್ದರು, ಅಷ್ಟೇ. ಹೂಂ ಅನ್ನಲು ಹೆದರಿಕೆ — ಮಿಲ್ಲು ಕೆಟ್ಟದಾಗಿದ್ದರೆ ಕಂಪನಿಯ ಹಣವೆಲ್ಲ ಮುಳುಗುತ್ತದೆ. ಬೇಡ ಎಂದವನನ್ನು ಯಾರೂ ಸಾಕ್ಷಿ ಕೇಳುವುದಿಲ್ಲ. ಹಾಗಾಗಿ, "ಮಿಷನ್ನಿಗೆ ತುಕ್ಕು ಹಿಡಿದೈತೆ ಅತ್ತಿಗೆ, ಮೇಲೆ ಬಣ್ಣ ಬಳಿದು ಮುಚ್ಚವ್ರೆ" ಎಂದೆ.

ಪಾಲುದಾರ ರುದ್ರಪ್ಪಮಾವ ನಿನ್ನ ಕಡೆ ತಿರುಗಿದರು. "ಹಂಗಾದ್ರೆ ಬಸಣ್ಣಂಗೆ ಕಾಣ್ಲಿಲ್ವಾ? ಇಲ್ಲಾ ಮಾರೋರು ಕೈ ಬೆಚ್ಚಗೆ ಮಾಡಿದ್ರಾ?"

ನೀನು ನನ್ನನ್ನು ನೋಡಿದೆ. ನಾನು ನೆಲ ನೋಡಿದೆ. ಆ ಒಂದು ಗಳಿಗೆಯಲ್ಲಿ ಬಾಯಿ ಬಿಟ್ಟಿದ್ದರೆ — ಬಿಡಲಿಲ್ಲ. ನೀನು ಒಂದೂ ಮಾತಾಡದೆ ಎದ್ದು, ಪಾಲು ಬಿಡಿಸಿಕೊಂಡು ಯಲ್ಲದಕೆರೆಗೆ ಬೇಸಾಯಕ್ಕೆ ಹೋದೆ.

ಆಮೇಲಿನದೆಲ್ಲ ನನಗೆ ಹಬ್ಬ. ಅತ್ತಿಗೆ ಹೊಸದುರ್ಗದ ಮಿಲ್ಲು ಕೊಳ್ಳದೆ ಉಳಿದ ಹಣವನ್ನು ಹಿರಿಯೂರಿನ ಎಣ್ಣೆ ಮಿಲ್ಲಿಗೂ ಲಾರಿಗಳಿಗೂ ಹಾಕಿದರು, ಮುಟ್ಟಿದ್ದೆಲ್ಲ ಚಿನ್ನವಾಯಿತು. ಎಲ್ಲರ ಬಾಯಲ್ಲೂ ನಾನೇ ಬುದ್ಧಿವಂತ. ಶಾಂತಾಳ ಜೊತೆ ಮದುವೆಯಾಯಿತು. ಎಮ್ಮೆ ಕೊಳ್ಳುವವರೂ ಸಲಹೆ ಕೇಳಲು ಬರುತ್ತಿದ್ದರು. ನಾನು ಗಂಭೀರವಾಗಿ ಎಮ್ಮೆಯ ಬಾಯಿ ತೆರೆದು ಹಲ್ಲು ನೋಡುತ್ತಿದ್ದೆ! ಹೊಸದುರ್ಗದ ಮಿಲ್ಲನ್ನು ದಾವಣಗೆರೆಯವರೊಬ್ಬರು ಕೊಂಡರು. ಅದೂ ಬಹಳ ಕಾಲ ಚೆನ್ನಾಗಿಯೇ ನಡೆಯಿತು. ಅದು ನನಗೆ ಗೊತ್ತಿತ್ತು.

ಹೋದ ತಿಂಗಳು ನೀನು ನಿನ್ನ ಮೊಮ್ಮಗಳ ಮದುವೆಗೆ ನನ್ನನ್ನು ಕರೆದೆ. ಎಂಥ ಸಡಗರದ ಮದುವೆ! ಕೈಹಿಡಿದು ಪಕ್ಕದಲ್ಲೇ ಊಟಕ್ಕೆ ಕೂರಿಸಿಕೊಂಡೆ. ನನ್ನ ಎಲೆಗೆ ಹೋಳಿಗೆ ಹಾಕಿಸುತ್ತ ಬೀಗರಿಗೆ ನಗುನಗುತ್ತಲೇ ಹೇಳಿದೆ: "ನಮ್ಮ ತಮ್ಮ ಅವತ್ತು ಇದ್ದದ್ದು ಇದ್ದಂಗೆ ಹೇಳಿದ್ಕೆ ಕಂಪ್ನಿ ಉಳೀತು. ನನ್ ಕಣ್ಣೇ ಸರಿಯಾಗಿ ನೋಡ್ಲಿಲ್ಲ."

ಕೋಪವನ್ನು ನೀನು ಎಂದೋ ಬಿಟ್ಟಿದ್ದೀಯ ಅಂತ ನನಗೆ ತಿಳಿದಿತ್ತು. ಆದರೆ ನನ್ನ ಸುಳ್ಳನ್ನೇ ನಂಬಿ ನಿನ್ನನ್ನೇ ನೀನು ಅನುಮಾನಿಸಿಕೊಂಡು ಬದುಕಿದ್ದೀಯ ಅಂತ — ಇಲ್ಲ, ಅದು ನನಗೆ ಹೊಳೆದಿರಲೇ ಇಲ್ಲ.

ಇವತ್ತು ಬೆಳಿಗ್ಗೆ ಅತ್ತಿಗೆಗೆ ಎಲ್ಲ ಹೇಳಿದೆ. "ನಂಗೆ ಹೇಳಿದ್ರೆ ಏನಾತು? ಯಾರ ಮುಂದೆ ಸುಳ್ಳು ಹೇಳಿದ್ಯೋ ಅವ್ರ ಮುಂದೆ ಹೇಳು" ಅಂದರು. ರುದ್ರಪ್ಪಮಾವ ಇನ್ನೂ ಇದ್ದಾರೆ. ಭಾನುವಾರ ಎಲ್ಲರನ್ನೂ ಮನೆಗೆ ಕರೆದಿದ್ದೇವೆ. ನೀನೂ ಬಾ, ಬಸಣ್ಣ. ನಿನ್ನ ಕಣ್ಣು ಸರಿಯಾಗಿಯೇ ನೋಡಿತ್ತು ಎಂದು ನಾನು ನಿಂತುಕೊಂಡು ಹೇಳುತ್ತೇನೆ. ಆಮೇಲೆ ಮಾತಾಡುವ ಸರದಿ ನಿನ್ನದು.