ಎಮ್ಮೆಯ ಹಾಲೆಲ್ಲ ನನಗೇ

ಬೆನ್ನಿಗೆ ಕೆಂಪು ಮಣ್ಣು ಹತ್ತಿದಾಗಲೇ ನಾನು ಸೋತೆನೆಂದು ತಿಳಿಯಿತು. ಮೂಡಲಗಿಯ ಆ ಕುಸ್ತಿ ಕಣದಲ್ಲಿ ಎದುರಾಳಿಯ ಮುಖವನ್ನೂ ಸರಿಯಾಗಿ ನೋಡಿರಲಿಲ್ಲ. ಕೊಲ್ಲಾಪುರದ ಪೈಲವಾನರನ್ನೆಲ್ಲ ಚಿತ್ ಮಾಡುತ್ತೇನೆಂದು ಹೇಳಿಕೊಂಡು ಮೂರು ವರ್ಷ ಮನೆಯ ಎಮ್ಮೆಯ ಹಾಲನ್ನೆಲ್ಲ ಒಬ್ಬನೇ ಕುಡಿದಿದ್ದೆ. ಆ ಎಮ್ಮೆ ಮೇಯಿಸಲೆಂದು ನನ್ನ ತಮ್ಮ ಬಸಪ್ಪನನ್ನು ಮನೆಯವರು ಎರಡನೇ ಇಯತ್ತೆಗೇ ಸಾಲೆ ಬಿಡಿಸಿದ್ದರು. ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ ಊರ ಸಾಲೆಯಲ್ಲಿ ಮಾಸ್ತರನಾಗಬೇಕು ಎಂಬುದಷ್ಟೇ ಅವನ ಆಸೆ.

ಬಸಪ್ಪ ಬಂದು ನನ್ನ ಬೆನ್ನಿನ ಮಣ್ಣು ಒರೆಸಿದ.

"ಅಣ್ಣಾ, ನಾಳಿಯಿಂದ ಎಮ್ಮಿ ನೀ ಮೇಯಿಸ್ತಿಯೇನ? ನಾ ಸಾಲಿಗಿ ಹೋಗ್ತೇನಿ," ಎಂದ.

"ಇನ್ನೊಂದ ವರ್ಷ ತಡೀಯೋ ತಮ್ಮಾ. ಇವತ್ತ ಕಾಲ ಜಾರೇತಿ," ಎಂದೆ.

"ಎರಡೂ ಕಾಲೇನ?" ಎಂದು ಕೇಳಿದವನು ಮರುದಿನ ಮತ್ತೆ ಎಮ್ಮೆಯ ಹಿಂದೆ ಹೋದ. ನಾನು ತಡೆಯಲಿಲ್ಲ. ಮರುವರ್ಷ ಎಮ್ಮೆ ಇನ್ನಷ್ಟು ಹಾಲು ಕೊಟ್ಟಿತು, ನಾನು ಇನ್ನಷ್ಟು ಬೇಗ ಬಿದ್ದೆ. ಅವನು ಮತ್ತೆಂದೂ ಸಾಲೆಯ ಮಾತೆತ್ತಲಿಲ್ಲ.

ಈಗ ಯಾರದಾದರೂ ಕಾಗದ ಬಂದರೆ ಓದಿಸಿಕೊಳ್ಳಲು ಅವನು ನನ್ನ ಬಳಿ ಬರುತ್ತಾನೆ. ನಾಲ್ಕನೇ ಇಯತ್ತೆಯವರೆಗೆ ಕಲಿತ ನಾನು ತಡವರಿಸಿ ಓದುತ್ತೇನೆ. "ಸಾವಕಾಶ ಓದೋ ಅಣ್ಣಾ, ಗಡಿಬಿಡಿ ಇಲ್ಲ," ಎನ್ನುತ್ತಾನೆ, ಥೇಟ್ ಮಾಸ್ತರರ ಹಾಗೆ.