ಸಿಂಹದ ಮುದ್ರೆಯ ಚಾಕುಗಳು

ಮೂರು ವರ್ಷದ ಹಿಂದಿನ ಮಾತು. ಗುಂಡ್ಲುಪೇಟೆಯಲ್ಲಿ ನನ್ನದು ಬೆಳ್ಳಿ ಕೆಲಸದ ಅಂಗಡಿ. ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟು ಅಪ್ಪನ ಕುಲುಮೆ ಮುಂದೆ ಕೂತವನು ನಾನು. ದುಡಿದೇ ಕಟ್ಟಿದ ಅಂಗಡಿ ಅದು. ಹಳೆಯ ಇಂಗ್ಲಿಷ್ ಚಮಚ, ಫೋರ್ಕುಗಳನ್ನು ಕೂಡಿಡುವ ಹುಚ್ಚೂ ಇದೆ. ಅವುಗಳ ಹಿಡಿಯ ಮೇಲೆ ನಡೆಯುವ ಸಿಂಹದ ಮುದ್ರೆ ಇದ್ದರೆ ಅದು ಸ್ಟರ್ಲಿಂಗ್, ಅಂದರೆ ಸಾವಿರ ಪಾಲಿನಲ್ಲಿ ಒಂಬೈನೂರ ಇಪ್ಪತ್ತೈದು ಪಾಲು ಶುದ್ಧ ಬೆಳ್ಳಿ. ಈ ಸುತ್ತಿನಲ್ಲಿ ಆ ಮುದ್ರೆ ಓದಬಲ್ಲವನು ನಾನೊಬ್ಬನೇ ಎಂಬ ಹೆಮ್ಮೆ ನನಗೆ.

ಕುದೇರಿನ ಗೌರಮ್ಮ ಮೈದುನ ಪುಟ್ಟಪ್ಪನ ಜೊತೆ ಬಂದು, ಬಟ್ಟೆಗಂಟು ಬಿಚ್ಚಿ ಆರು ಊಟದ ಚಾಕು ಇಟ್ಟರು. ಗೌರಮ್ಮನ ತಾತ ಇಲ್ಲೇ ಹತ್ತಿರದ ಮದ್ದೂರು ಕಾಡಿನ ಬಂಗಲೆಯಲ್ಲಿ ಕಾವಲಿದ್ದಾಗ ಇಂಗ್ಲಿಷ್ ದೊರೆಯೊಬ್ಬ ತನ್ನ ದೇಶಕ್ಕೆ ಹೋಗುತ್ತಾ ಕೊಟ್ಟವಂತೆ. ಮೊಮ್ಮಗುವಿಗೆ ಲಿಂಗ ಕಟ್ಟುವ ಶಾಸ್ತ್ರ ಹತ್ತಿರವಿತ್ತು. ಲಿಂಗ ಇಡುವ ಕರಡಿಗೆ ತಾತನ ಬೆಳ್ಳಿಯಲ್ಲೇ ಆಗಬೇಕೆಂಬುದು ಗೌರಮ್ಮನ ಹಟ.

"ಬಾಡು ಕುಯ್ದ ಚಾಕು ಕಣತ್ತಿಗೆ. ಇದ್ರಲ್ಲಿ ಲಿಂಗ ಮಡಗಾದಾ?" ಎಂದರು ಪುಟ್ಟಪ್ಪ. ಮಾಂಸ ಮುಟ್ಟದ ಮನೆ ಅವರದು.

"ಬೆಂಕೀಲಿ ಕರಗಿದ್ ಮೇಲೆ ಬಾಡೆಲ್ಲಪ್ಪ ಉಳಿದದು? ನೀ ಸುಮ್ಕಿರು. ಆಚಾರ್ರೆ, ನೀವೇಳಿ, ಬೆಳ್ಳಿಯಾ?"

ಸಿಂಹ ಕಂಡ ಕೂಡಲೇ ಹೇಳಿಬಿಟ್ಟೆ: "ಅಲಗು ಉಕ್ಕು, ಹಿಡಿ ಬೆಳ್ಳಿ ಕಣವ್ವ. ದೊಡ್ಡ ಕರಡಿಗೆನೇ ಆಯ್ತದೆ."

ಅವರು ಹೋದ ಮೇಲೆ ಶುರುವಾಯಿತು ಗೊಂದಲ. ಹಿಡಿಯನ್ನು ಒರೆಗಲ್ಲಿಗೆ ಉಜ್ಜಿ ಆಸಿಡ್ ಬಿಟ್ಟೆ, ಬೆಳ್ಳಿಯೇ. ತಕ್ಕಡಿಗಿಟ್ಟರೆ, ಅಷ್ಟು ಗಾತ್ರದ ಬೆಳ್ಳಿಗೆ ಇರಬೇಕಾದ ತೂಕವೇ ಇಲ್ಲ. ಬೇರೆ ಚಾಕು ತೆಗೆದೆ, ಅದೂ ಹಾಗೇ. ಮುದ್ರೆ ಸುಳ್ಳಲ್ಲ, ಒರೆ ಸುಳ್ಳಲ್ಲ, ತಕ್ಕಡಿಯೂ ಸುಳ್ಳಲ್ಲ. ಮೂರೂ ನಿಜವಾದರೆ ಉಳಿದ ಬೆಳ್ಳಿ ಎಲ್ಲಿ? ನಾನು ಕೂಡಿಟ್ಟ ಚಮಚಗಳೆಲ್ಲ ಗಟ್ಟಿ. ಇಂಗ್ಲಿಷರು ಪೊಳ್ಳು ಕೆಲಸ ಮಾಡುವವರಲ್ಲ ಎಂದೇ ನಂಬಿದ್ದೆ. ದೊಡ್ಡ ಕರಡಿಗೆ ಎಂದು ಬೇರೆ ಮಾತು ಕೊಟ್ಟಾಗಿತ್ತು.

ಮಾರನೆಯ ದಿನ ಇಬ್ಬರನ್ನೂ ಕರೆಸಿ, ಅವರ ಎದುರಿಗೇ ಒಂದು ಚಾಕುವಿನ ಅಲಗು ಬಿಡಿಸಲು ಹಿಡಿಯನ್ನು ಬಿಸಿ ಮಾಡಿದೆ. ಸಂದಿನಿಂದ ಕಪ್ಪು ಅಂಟು ಜಿನುಗಿತು. ಮೂಗಿಗೆ ಬಡಿದದ್ದು ಅರಗಿನಂಥದೇ ವಾಸನೆ. ಪೊಳ್ಳು ಕಡಗ ನೆಗ್ಗದಿರಲೆಂದು ಒಳಗೆ ಅರಗು ತುಂಬುವುದು ನಮ್ಮ ಕಸುಬಿನ ಪದ್ಧತಿ. ಚಿಕ್ಕಂದಿನಿಂದ ಎಷ್ಟು ಕಡಗಗಳಿಗೆ ತುಂಬಿದ್ದೇನೋ! ಹಿಡಿ ಬರೀ ತೆಳು ತಗಡು.

"ದೊರೆನೂ ನಮ್ಮೋನೇ ಬುಡಿ," ಪುಟ್ಟಪ್ಪ ನಕ್ಕರು, "ಮ್ಯಾಲೆ ತಳುಕು, ಒಳಗೆ ಅರಗು."

ಗೌರಮ್ಮ ನಗಲಿಲ್ಲ. "ಮಗೀಗಾದ್ರೂ ಸಾಲ್ತದಾ ಆಚಾರ್ರೆ?"

ನನಗೂ ಗೊತ್ತಿರಲಿಲ್ಲ. ಒಂದು ಚಾಕುವನ್ನು ನನ್ನ ಸಂಗ್ರಹಕ್ಕೆ ಕೇಳಬೇಕೆಂದಿದ್ದೆ, ಕೇಳಲಿಲ್ಲ. ಆರೂ ಹಿಡಿಗಳನ್ನು ಸುಲಿದು ಕರಗಿಸಿದೆ. ಎಳೆಗೂಸಿನ ಎದೆಗೆ ಭಾರವಾಗದಷ್ಟು ಪುಟ್ಟ ಕರಡಿಗೆಯೊಂದಾಯಿತು.

ಗೌರಮ್ಮ ಅಂಗೈಯಲ್ಲಿಟ್ಟು ತೂಗಿದರು. "ಇದೂ ಪೊಳ್ಳೇ ಅಲ್ವಾ?"

"ಹೂಂ ಕಣವ್ವ. ಲಿಂಗ ಕೂರಕೆ ಜಾಗ ಬೇಕಲ್ಲ."

ಬೇಡವೆಂದಿದ್ದ ಪುಟ್ಟಪ್ಪನೇ ಅದನ್ನು ಈಸಿಕೊಂಡು ಕಣ್ಣಿಗೊತ್ತಿಕೊಂಡರು.

ಮುದ್ರೆ ಲೋಹದ ಗುಣ ಹೇಳುತ್ತದೆ, ಹೊಟ್ಟೆಯೊಳಗೆ ಏನಿದೆಯೆಂದು ಹೇಳುವುದಿಲ್ಲ. ಈಗ ಯಾರು ಏನೇ ತರಲಿ, ಮೊದಲು ಅಂಗೈಯಲ್ಲಿಟ್ಟು ನೋಡುತ್ತೇನೆ. ಸಿಂಹ ಆಮೇಲೆ, ಬಾಯಿ ಬಿಡುವುದು ಅದಕ್ಕೂ ಆಮೇಲೆ.